ಹದಿನಾರುನೂರು ಮೀಟರ್ ಆಚೆಗಿನ ಓಟ

ಮರಾಠವಾಡಾದ ಉಮರ್ಗಾ, ನಿಲಂಗಾ, ಉದಗೀರ್ ಕಡೆ ನಸುಕಿನಲ್ಲಿ ಓಡುವ ಹುಡುಗರನ್ನು ಯಾಕೆಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಭರ್ತಿ’, ಅಂದರೆ ನೇಮಕಾತಿ. ಮಹಾರಾಷ್ಟ್ರ ಪೊಲೀಸ್ ಭರ್ತಿಯಲ್ಲಿ ಗಂಡುಮಕ್ಕಳಿಗೆ 1600 ಮೀಟರ್, ಹೆಣ್ಣುಮಕ್ಕಳಿಗೆ 800. ಅಗ್ನಿವೀರರಿಗೂ 1.6 ಕಿ.ಮೀ. ಗಡಿ ದಾಟಿ ಬೀದರ್, ಕಲಬುರಗಿಗೆ ಹೋದರೂ ಕರ್ನಾಟಕ ಪೊಲೀಸರು ಹುಡುಗರನ್ನು ಓಡಿಸುವುದು ಅದೇ 1600. ಹೀಗಾಗಿ ಈ ಭಾಗದಲ್ಲಿ ಓಟವೆಂದರೆ ಐದಾರು ನಿಮಿಷ ಹಲ್ಲು ಕಚ್ಚಿ ಮುಗಿಸುವ ಪರೀಕ್ಷೆ. ಕಾಲೇಜು ಮುಗಿದ ಮೇಲೆ ತಮ್ಮಷ್ಟಕ್ಕೆ ತಾವೇ 10 ಕಿ.ಮೀ., 21 ಕಿ.ಮೀ. ರಸ್ತೆ ಓಟಕ್ಕೆ ಇಳಿಯುವವರ ತಪ್ಪು ತಿಳಿವಳಿಕೆಗಳು ಬಹುಮಟ್ಟಿಗೆ ಹುಟ್ಟುವುದು ಇಲ್ಲಿಂದಲೇ.

‘ಕಾಲೇಜ್ ಮುಗೀತು, ಇನ್ನೇನ್ ಓಡೂದು?’

ವಿಶ್ವವಿದ್ಯಾಲಯದ ತಂಡಕ್ಕೆ ವಯಸ್ಸಿನ ಮಿತಿಯುಂಟು, ರಸ್ತೆಗಿಲ್ಲ. ಇದೇ ಮರಾಠವಾಡಾದ ಬೀಡ್ ಜಿಲ್ಲೆ ಆಷ್ಟಿ ತಾಲ್ಲೂಕಿನ ಅವಿನಾಶ್ ಸಾಬಳೆ ಹನ್ನೆರಡನೇ ತರಗತಿ ಮುಗಿಸಿ ಸೈನ್ಯಕ್ಕೆ ಸೇರಿದವರು. ಸಿಯಾಚಿನ್‌ನಲ್ಲಿ ಕಾವಲು ಕಾಯ್ದ ಮೇಲೆ, 2015ರ ಹೊತ್ತಿಗೆ ಓಟದ ಸ್ಪರ್ಧೆಗೆ ಇಳಿದರು. 2020ರಲ್ಲಿ ದೆಹಲಿಯ ಹಾಫ್ ಮ್ಯಾರಥಾನನ್ನು 1 ಗಂಟೆ 30 ಸೆಕೆಂಡಿನಲ್ಲಿ ಮುಗಿಸಿದರು. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದ ಸ್ಟೀಪಲ್‌ಚೇಸ್‌ನಲ್ಲಿ ಬೆಳ್ಳಿ ಗೆದ್ದರು. ಕೆನ್ಯಾದ ಎಲಿಯುಡ್ ಕಿಪ್ಚೋಗೆ ಬರ್ಲಿನ್‌ನಲ್ಲಿ 2:01:09ರ ಮ್ಯಾರಥಾನ್ ಓಡಿದಾಗ ವಯಸ್ಸು 37. ದೂರದ ಓಟದ ಕಸುವು ಇಪ್ಪತ್ತೆರಡಕ್ಕೆ ಮುಗಿಯುವುದಿಲ್ಲ. ಒಂದು ಮಾತು ಮಾತ್ರ ನಿಜ: ಸಾಬಳೆಯವರ ಬೆನ್ನಿಗೆ ಸೈನ್ಯದ ಕೋಚ್ ಇದ್ದರು, ಊಟ ಇತ್ತು. ಅಂಗಡಿಯಲ್ಲೋ ಹೊಲದಲ್ಲೋ ದುಡಿದು ಓಡುವವನಿಗೆ ತಾನೇ ಕೋಚ್.

‘ದಿನಾ ಪೂರ್ತಿ ದಮ್ ಹಚ್ಚಿ ಓಡಿದ್ರನ ಟೈಮಿಂಗ್ ಬರ್ತದ’

ಅತಿ ಹೆಚ್ಚು ಕಾಲು ಕೆಡಿಸುವ ನಂಬಿಕೆ ಇದು. ಭರ್ತಿಯ ಹುಡುಗರು ಬೆಳಗಾದರೆ ಗಡಿಯಾರ ಒತ್ತಿ 1600 ಓಡುತ್ತಾರೆ. ಅದು ತಯಾರಿಯಲ್ಲ, ದಿನವೂ ಬರೆಯುವ ಪರೀಕ್ಷೆ. ಐದು ನಿಮಿಷದ ಆ ಓಟಕ್ಕೂ ಬೇಕಾದ ಶಕ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಬರುವುದು ಆಮ್ಲಜನಕದ ದಾರಿಯಿಂದ, 21 ಕಿ.ಮೀ.ಗೆ ಹೆಚ್ಚುಕಡಿಮೆ ಎಲ್ಲವೂ. ಆ ದಾರಿ ಅಗಲವಾಗುವುದು ನಿಧಾನದ ಓಟದಿಂದ: ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ವಿಶ್ವಮಟ್ಟದ ಓಟಗಾರರ ತರಬೇತಿಯಲ್ಲೂ ಸುಮಾರು ಶೇ. 80 ಹಗುರ ಓಟವೇ. ಹಗುರ ಎಂದರೆ ಜೊತೆಗಾರನೊಂದಿಗೆ ಪೂರ್ತಿ ವಾಕ್ಯ ಮಾತಾಡುವಷ್ಟು.

ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಎಲುಬು, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ‘ದಮ್ ಬಂತು’ ಎಂದು ದೂರ ಏರಿಸಿದವರಿಗೆ ಮೊಣಕಾಲ ಕೆಳಗಿನ ಎಲುಬು ನೋಯತೊಡಗುವುದು ಈ ನಡುವಿನ ಅಂತರದಲ್ಲೇ. ವಾರದಲ್ಲಿ ಎರಡು ದಿನ ಜೋರು, ಒಂದು ದಿನ ಉದ್ದ, ಒಂದು ದಿನ ಪೂರ್ತಿ ವಿಶ್ರಾಂತಿ, ಉಳಿದದ್ದು ಹಗುರ. ಕೆಲಸಕ್ಕೆ ಹೋಗುವವರಿಗೆ ಇಷ್ಟು ಧಾರಾಳವಾಯಿತು.

‘ಬ್ಯಾಸಗ್ಯಾಗ ಜರ್ಕಿನ್ ಹಾಕ್ಕೊಂಡು ಓಡಿದ್ರ ಬೊಜ್ಜು ಕರಗ್ತದ’

ಕರಗುವುದು ನೀರು. ಎರಡು ತಂಬಿಗೆ ಕುಡಿದರೆ ತೂಕ ಮರಳುತ್ತದೆ. ಮೇ ತಿಂಗಳ ಮರಾಠವಾಡಾದಲ್ಲಿ ಉಷ್ಣಾಘಾತ ಮಾತ್ರ ನಿಜವಾಗಿ ಹೊಡೆಯಬಹುದು. ಇಲ್ಲಿನ ಓಟಗಾರ ಪಂಚಾಂಗವನ್ನು ಬಿಸಿಲು ನೋಡಿ ಬರೆಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ದೂರ ಇಳಿಸಿ, ಓಟವನ್ನು ಸೂರ್ಯೋದಯಕ್ಕೆ ಮೊದಲೇ ಮುಗಿಸುವುದು. ಮುಂಗಾರು ಬಿದ್ದ ಮೇಲೆ ಹಗುರ ಓಟದ ಅಡಿಪಾಯ, ದಸರಾ ದೀಪಾವಳಿಯ ಹೊತ್ತಿಗೆ ವೇಗ, ಚಳಿಯಲ್ಲಿ ಸ್ಪರ್ಧೆ. ಜನವರಿಯ ಮುಂಬೈ ಮ್ಯಾರಥಾನ್ ಈ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ಏಪ್ರಿಲ್ ಕೊನೆಗೆ ಬೀಳುವ ಬೆಂಗಳೂರಿನ 10 ಕಿ.ಮೀ. ಓಟ ಅಷ್ಟಾಗಿ ಕೂಡದು. ಸಿಕ್ಕ ಸಿಕ್ಕ ಭಾನುವಾರ ಪದಕಕ್ಕೆ ಓಡುವುದಕ್ಕಿಂತ ವರ್ಷಕ್ಕೆ ಎರಡು ಮೂರು ಓಟ ಆರಿಸಿ, ಆ ದಿನದಿಂದ ಹಿಂದಕ್ಕೆ ವಾರ ಎಣಿಸುವುದೇ ಲೇಸು.

‘ಮಟನ್, ತತ್ತಿ ಇಲ್ದ ದಮ್ ಎಲ್ಲಿಂದ?’

ಉದ್ದ ಓಟಕ್ಕೆ ಮುಖ್ಯ ಇಂಧನ ಪಿಷ್ಟ. ಜೋಳದ ರೊಟ್ಟಿ ಅದನ್ನು ಬೇಕಾದಷ್ಟು ಕೊಡುತ್ತದೆ; ತೊಗರಿಬೇಳೆ, ಶೇಂಗಾ ಹಿಂಡಿ, ಮೊಸರು ಸೇರಿದರೆ ಪ್ರೋಟೀನಿಗೂ ದೊಡ್ಡ ಕೊರತೆಯಿಲ್ಲ. ಕೊರತೆ ಇರುವುದು ಕಬ್ಬಿಣಾಂಶದಲ್ಲಿ, ಅದರಲ್ಲೂ ಹುಡುಗಿಯರಲ್ಲಿ. ರೊಟ್ಟಿ ಪಲ್ಯದ ಬೆನ್ನಿಗೇ ಚಹಾ ಕುಡಿದರೆ ಇರುವ ಕಬ್ಬಿಣಾಂಶವೂ ಮೈಗೆ ಹತ್ತದು. ನಿಂಬೆ ಹಿಂಡಿಕೊಂಡರೆ ಹತ್ತುತ್ತದೆ. ಸುಸ್ತು ಹೋಗದಿದ್ದರೆ ಇನ್ನೂ ಓಡುವುದಲ್ಲ, ರಕ್ತ ಪರೀಕ್ಷೆ ಮಾಡಿಸುವುದು.

‘ಹೆಣ್ಮಕ್ಕಳಿಗೆ ದೂರದ ಓಟ ಆಗಿ ಬರೂದಿಲ್ಲ’

ಇದು ಹಳ್ಳಿಯ ಮೂಢನಂಬಿಕೆಯಷ್ಟೇ ಅಲ್ಲ. 1928ರಲ್ಲಿ ಹೆಣ್ಣುಮಕ್ಕಳನ್ನು 800 ಮೀಟರ್ ಓಡಿಸಿದ ಒಲಿಂಪಿಕ್ಸ್, ಅದು ಅವರಿಗೆ ವಿಪರೀತ ಆಯಾಸವೆಂದು 1960ರವರೆಗೆ ಆ ಓಟವನ್ನೇ ಕೈಬಿಟ್ಟಿತ್ತು. ಮಹಿಳಾ ಮ್ಯಾರಥಾನ್ ಬಂದದ್ದು 1984ರಲ್ಲಿ. ಸಾತಾರಾ ಜಿಲ್ಲೆಯ ಬರದ ಮಾಣ ತಾಲ್ಲೂಕಿನ ಲಲಿತಾ ಬಾಬರ್ 2016ರ ರಿಯೋದಲ್ಲಿ ಸ್ಟೀಪಲ್‌ಚೇಸ್ ಫೈನಲ್ ಓಡಿ ಹತ್ತನೆಯವರಾದರು.

ಇನ್ನು ಶೂ. ಅಬೆಬೆ ಬಿಕಿಲಾ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದದ್ದನ್ನು ಎಲ್ಲರೂ ಹೇಳುತ್ತಾರೆ. ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಶೂ ಹಾಕಿಕೊಂಡು ಮೂರು ನಿಮಿಷ ಬೇಗ ಮುಗಿಸಿದ್ದನ್ನು ಹೇಳುವುದಿಲ್ಲ. ಕಾಲಿಗೆ ಸರಿಹೊಂದುವ ಸಾಧಾರಣ ಶೂ ಸಾಕು.

‘ಓಡಿದರೆ ಮೊಣಕಾಲು ಸವೆಯುತ್ತದೆ’ ಎಂಬ ಹಿರಿಯರ ಮಾತಿಗೂ ಉತ್ತರವಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವರದಿಯೊಂದರಲ್ಲಿ ಸೊಂಟ, ಮೊಣಕಾಲಿನ ಕೀಲುಸವೆತ ಹವ್ಯಾಸಿ ಓಟಗಾರರಲ್ಲಿ ಶೇ. 3.5, ಓಡದೆ ಕುಳಿತವರಲ್ಲಿ ಶೇ. 10.2. ಮೊಣಕಾಲಿಗಿಂತ ಹೆಚ್ಚು ಹೆದರಬೇಕಾದದ್ದು ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದೆ ಸಾಗುವ ಟ್ರಾಲಿಗಳಿಗೆ. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಬಿಟ್ಟು ಊರ ಒಳದಾರಿ ಹಿಡಿಯಿರಿ. ಹೊಳೆಯುವ ಪಟ್ಟಿ ಕಟ್ಟಿಕೊಂಡು, ಎದುರು ಬರುವ ವಾಹನ ಕಣ್ಣಿಗೆ ಬೀಳುವಂತೆ ಬಲಬದಿಗೆ ಓಡಿ.