ಸುಂಕದ ಕಟ್ಟೆಯ ಮೇಲೆ ಬೆಳೆದ ಊರು: ಕ್ಯಾಸಲ್‌ರಾಕ್

ಊರು ಹುಟ್ಟಬೇಕಾದರೆ ಏನಾದರೊಂದು ನೆವ ಬೇಕು. ಹೊಳೆಯ ದಂಡೆಯಲ್ಲಿ ಊರು ಹುಟ್ಟುತ್ತದೆ, ಗುಡಿಯ ಸುತ್ತ ಹುಟ್ಟುತ್ತದೆ, ಸಂತೆ ಕೂಡುವ ಬಯಲಲ್ಲಿ ಹುಟ್ಟುತ್ತದೆ. ಆದರೆ ನೀರಿಗಾಗಿಯೂ ಅಲ್ಲ, ದೇವರಿಗಾಗಿಯೂ ಅಲ್ಲ, ಎರಡು ಸರಕಾರಗಳ ನಡುವಿನ ಒಂದು ಗೆರೆಯ ಸಲುವಾಗಿ ಬೆಳೆದ ಊರುಗಳೂ ಇವೆ. ಅಂಥ ಒಂದು ಊರಿನ ಕಥೆಯನ್ನು ನಮ್ಮ ಸಂಘದ ಗೆಳೆಯರ ಮುಂದೆ ಇಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಆ ಊರೇ ಕ್ಯಾಸಲ್‌ರಾಕ್.

ಪುಣೆಯಿಂದ ಗೋವಾಕ್ಕೆ ಲೋಂಡಾ ಮೇಲೆ ಹೋಗುವ ರೈಲಿನಲ್ಲಿ ಕೂತವರಿಗೆ ಈ ಹೆಸರು ಪರಿಚಯವೇ. ಲೋಂಡಾ ಆಯಿತು, ತಿನೈಘಾಟ ಆಯಿತು, ಆಮೇಲೆ ಕ್ಯಾಸಲ್‌ರಾಕ್. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕು, ಹಿಂದಿನವರು ಸೂಪಾ ತಾಲ್ಲೂಕು ಅನ್ನುತ್ತಿದ್ದರು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಇಲ್ಲಿಂದ ಮುಂದೆ ಘಟ್ಟ ಇಳಿಯೋದು ಶುರು, ಗೋವಾ ಶುರು. ಕೋಟೆಯ ಹಾಗೆ ಕಾಣುವ ಬಂಡೆಯಿಂದ ಈ ಇಂಗ್ಲಿಷ್ ಹೆಸರು ಬಂತು ಅಂತ ಹೇಳುವುದುಂಟು. ಹೆಚ್ಚಿನ ಪ್ರಯಾಣಿಕರು ಇಲ್ಲಿ ಕಿಟಕಿಯ ಹತ್ತಿರ ಜಾಗ ಹಿಡಿಯುತ್ತಾರೆ, ಮುಂದೆ ದೂಧಸಾಗರ ಜಲಪಾತ ಕಾಣಿಸುತ್ತದೆ ಅನ್ನೋ ಕಾರಣಕ್ಕೆ. ಆದರೆ ರೈಲು ನಿಂತಿರುವ ಈ ನಿಲ್ದಾಣ ಒಂದು ಕಾಲಕ್ಕೆ ಎರಡು ಸಾಮ್ರಾಜ್ಯಗಳ ಹೊಸ್ತಿಲಾಗಿತ್ತು. ಹೊಸ್ತಿಲ ಈಚೆ ಇಂಗ್ಲಿಷರ ಮುಂಬಯಿ ಪ್ರಾಂತ, ಆಚೆ ಪೋರ್ಚುಗೀಸರ ಗೋವಾ.

ಹತ್ತಿಯ ದಾರಿ ಯಾವುದು?

ಕಥೆ ಶುರುವಾಗುವುದು ಹತ್ತಿಯಿಂದ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಂದ ಹತ್ತಿ ಬರೋದು ನಿಂತು ಇಂಗ್ಲೆಂಡಿನ ಗಿರಣಿಗಳು ಕಂಗಾಲಾದವು. ಆಗ ಅವರ ಕಣ್ಣು ನಮ್ಮ ಹುಬ್ಬಳ್ಳಿ–ಧಾರವಾಡದ ಕರಿಮಣ್ಣಿನ ಮೇಲೆ ಬಿತ್ತು. ಹತ್ತಿ ಇದೆ ಸರಿ, ಹಡಗಿಗೆ ಮುಟ್ಟಿಸುವ ದಾರಿ ಯಾವುದು? ಮೊದಲು ಹೊಳೆದದ್ದು ಕಾರವಾರ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರಿನ ಆಸೆ ಇತ್ತು. ಮ್ಯಾಂಚೆಸ್ಟರಿನ ವ್ಯಾಪಾರಿಗಳೂ ಆ ಬಂದರಿನ ಮೇಲೆ ಆಸಕ್ತಿ ತೋರಿಸಿದ್ದರು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಬರುತ್ತದೆ ಅಂತ ಜನ ಕಾದರು.

ರೈಲು ಬಂತು, ಆದರೆ ಕಾರವಾರಕ್ಕಲ್ಲ. ಪಕ್ಕದ ಮರ್ಮಗೋವಾಕ್ಕೆ! ಪಶ್ಚಿಮ ಕರಾವಳಿಯ ಒಳ್ಳೆಯ ಸಹಜ ಬಂದರುಗಳಲ್ಲಿ ಅದೂ ಒಂದು. ಆದರೆ ಅದು ಪೋರ್ಚುಗೀಸರದು. ಇನ್ನೊಬ್ಬರ ಮನೆಯ ಅಂಗಳದಲ್ಲಿ ಹಾಯ್ದು ಹೋಗಬೇಕಾದರೆ ಮನೆಯವರ ಒಪ್ಪಿಗೆ ಬೇಕಲ್ಲ? ಆ ಒಪ್ಪಿಗೆಯೇ 1878ರ ಡಿಸೆಂಬರ್‌ನಲ್ಲಿ ಲಿಸ್ಬನ್ನಿನಲ್ಲಿ ಆದ ಆಂಗ್ಲೋ–ಪೋರ್ಚುಗೀಸ್ ಒಪ್ಪಂದ.

ಒಪ್ಪಂದದ ಜಮಾ–ಖರ್ಚು

ವಾಣಿಜ್ಯ ಓದುವ ನನ್ನಂಥವನಿಗೆ ಈ ಒಪ್ಪಂದ ಒಂದು ಪಾಠವೇ ಸರಿ. 1880ರಿಂದ 12 ವರ್ಷಗಳ ಕರಾರು. ಅದರ ಮುಖ್ಯ ಸಂಗತಿಗಳು ಮೂರು.

ಮೊದಲನೆಯದು, ಗೋವಾಕ್ಕೂ ಬ್ರಿಟಿಷ್ ಭಾರತಕ್ಕೂ ನಡುವೆ ಸುಂಕ ಇಲ್ಲ. ಎರಡೂ ಕಡೆ ಸರಕು ಸರಾಗವಾಗಿ ಓಡಾಡಬಹುದು. ಇದಕ್ಕೆ ಸುಂಕದ ಒಕ್ಕೂಟ ಅನ್ನುತ್ತಾರೆ. ಎರಡು ಮನೆಗಳ ನಡುವಿನ ಗೋಡೆ ಕೆಡವಿ, ಹೊರಗಿನ ಬಾಗಿಲನ್ನು ಮಾತ್ರ ಕೂಡಿ ಕಾಯುವ ಹಾಗೆ.

ಎರಡನೆಯದು ಉಪ್ಪು. ಇಂಗ್ಲಿಷರು ಉಪ್ಪಿನ ಮೇಲೆ ಭಾರಿ ತೆರಿಗೆ ಹಾಕಿದ್ದರು. 1882ರಲ್ಲಿ ಅದನ್ನು ಇಳಿಸಿದ ಮೇಲೆಯೂ ಮಣಕ್ಕೆ 2 ರೂಪಾಯಿ ಇತ್ತು. ಉಪ್ಪು ತಯಾರಾಗುವ ಖರ್ಚು ನೋಡಿದರೆ ಕೆಲವೇ ಆಣೆ. ಹೀಗಿರುವಾಗ ಗೋವಾದ ಅಗ್ಗದ ಉಪ್ಪು ಘಟ್ಟ ಹತ್ತಿ ಕದ್ದು ಬರದೆ ಇರುತ್ತದೆಯೇ? ಅದಕ್ಕೇ ಇಂಗ್ಲಿಷರು ಗೋವಾದ ಉಪ್ಪಿನ ಹತೋಟಿಯನ್ನೇ ತಮ್ಮ ಕೈಗೆ ತೆಗೆದುಕೊಂಡರು. ಅದರ ಬದಲಿಗೆ ಪೋರ್ಚುಗೀಸ್ ಸರಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ. ಸರಕಾರಕ್ಕೆ ಹಣ ಬಂತು. ಉಪ್ಪಿನ ಗದ್ದೆಯಲ್ಲಿ ದುಡಿಯುತ್ತಿದ್ದವನಿಗೆ ಏನು ಬಂತು? ಎಷ್ಟೋ ಗದ್ದೆಗಳು ಮುಚ್ಚಿದವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರೆ. ಇಲ್ಲಿ ಗಂಡ ಹೆಂಡಿರು ರಾಜಿಯಾದರೂ ಕೂಸು ಬಡವಾಯಿತು.

ಮೂರನೆಯದು ರೈಲು. 1881ರಲ್ಲಿ ಪೋರ್ಚುಗೀಸ್ ಸರಕಾರ ಒಂದು ಇಂಗ್ಲಿಷ್ ಕಂಪನಿಯ ಜೊತೆ ಕರಾರು ಮಾಡಿಕೊಂಡಿತು. ಹೆಸರು ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ. ಈ ಕಂಪನಿಗಿದ್ದದ್ದು ‘ಗ್ಯಾರಂಟಿ’ ಪದ್ಧತಿ. ಅಂದರೆ ರೈಲು ಲಾಭ ಮಾಡಲಿ ಬಿಡಲಿ, ಹಾಕಿದ ಬಂಡವಾಳಕ್ಕೆ ನಿಗದಿಯಾದ ಬಡ್ಡಿಯನ್ನು ಸರಕಾರ ಕಟ್ಟಿಕೊಡಬೇಕು. ಬ್ರಿಟಿಷ್ ಭಾರತದ ಮೊದಮೊದಲ ರೈಲು ಕಂಪನಿಗಳಿಗೆ ಈ ಬಡ್ಡಿ ಶೇಕಡಾ 5 ಇತ್ತು. ಲಾಭ ಬಂದರೆ ಸಾಹುಕಾರನಿಗೆ, ನಷ್ಟ ಬಂದರೆ ತೆರಿಗೆ ಕೊಡುವ ಜನಕ್ಕೆ. ಲಂಡನ್ನಿನ ಸಾಹುಕಾರರಿಗೆ ಇದಕ್ಕಿಂತ ಸುಖದ ವ್ಯಾಪಾರ ಇನ್ನೊಂದಿಲ್ಲ.

ಗೆರೆ ಅಳಿಸಿದಾಗ ಹುಟ್ಟಿ, ಎಳೆದಾಗ ಬೆಳೆದದ್ದು

1888ರಲ್ಲಿ ಮರ್ಮಗೋವಾದಿಂದ ಘಟ್ಟ ಹತ್ತಿ ಬಂದ ಹಳಿ ಕ್ಯಾಸಲ್‌ರಾಕಿಗೆ ಮುಟ್ಟಿತು. ಹುಬ್ಬಳ್ಳಿ ಕಡೆಯಿಂದ ಸದರ್ನ್ ಮರಾಠಾ ರೈಲ್ವೆಯ ಹಳಿ ಬಂದು ಅದನ್ನು ಕೂಡಿಕೊಂಡಿತು. ಎರಡೂ ಮೀಟರ್ ಗೇಜ್. ಒಂದು ಕಂಪನಿ ಕೆಲಸ ಮುಗಿಸುವಲ್ಲಿ ಇನ್ನೊಂದು ಕಂಪನಿ ಕೆಲಸ ಹಿಡಿಯುತ್ತಿತ್ತು. ಹೀಗೆ ಕಾಡಿನ ನಡುವೆ ನಿಲ್ದಾಣ ಎದ್ದಿತು, ಅದರ ಸುತ್ತ ವಸತಿ ಬೆಳೆಯಿತು.

ಇಲ್ಲೊಂದು ಸ್ವಾರಸ್ಯ ಇದೆ ನೋಡ್ರಿ. ರೈಲು ಮುಟ್ಟಿದಾಗ ಗಡಿಯಲ್ಲಿ ಸುಂಕವೇ ಇರಲಿಲ್ಲ. ಆದರೆ 1892ರಲ್ಲಿ ಒಪ್ಪಂದದ 12 ವರ್ಷ ಮುಗಿಯಿತು, ಮುಂದುವರಿಸಲಿಲ್ಲ. ಅಳಿಸಿದ ಗೆರೆ ಮತ್ತೆ ಮೂಡಿತು. ಘಟ್ಟದ ಕೆಳಗೆ ಕುಳೆಂ ನಿಲ್ದಾಣದಲ್ಲಿ ಪೋರ್ಚುಗೀಸರ ಸುಂಕದ ಕಟ್ಟೆ, ಘಟ್ಟದ ಮೇಲೆ ಕ್ಯಾಸಲ್‌ರಾಕಿನಲ್ಲಿ ಇಂಗ್ಲಿಷರದು. ನಡುವೆ ಸುಮಾರು 26 ಕಿಲೋಮೀಟರ್ ಘಟ್ಟ. ಕೆಳಗೊಮ್ಮೆ ಪೆಟ್ಟಿಗೆ ಬಿಚ್ಚಬೇಕು, ಮೇಲೊಮ್ಮೆ ಬಿಚ್ಚಬೇಕು. ಕೆಲಸ ಹುಡುಕಿಕೊಂಡು ಮುಂಬಯಿಗೆ ಹೋಗುತ್ತಿದ್ದ ಗೋವೆಯ ಅಡಿಗೆಯವರು, ವಾದ್ಯಗಾರರು, ಹಡಗಿನ ಕೆಲಸದವರು, ಎಷ್ಟೋ ಜನ ಈ ದಾರಿಯಲ್ಲೇ ಹಾದರು. ಹಬ್ಬಕ್ಕೆ ಊರಿಗೆ ಬರುವಾಗಲೂ ಇದೇ ದಾರಿ, ಇದೇ ತಪಾಸಣೆ.

ರೈಲು ನಿಂತರೆ ತಾನೆ ಊರಿಗೆ ಊಟ? ಸುಂಕದ ಅಧಿಕಾರಿ, ಪೋಲೀಸು, ಹಮಾಲಿ, ಚಹಾ ಮಾರುವವನು, ಎಲ್ಲರ ಜೀವನ ನಿಂತದ್ದು ರೈಲು ನಿಲ್ಲುವುದರ ಮೇಲೆ. ಪ್ರಯಾಣಿಕನಿಗೆ ತಡ ಆದಷ್ಟೂ ಊರಿಗೆ ಲಾಭ. ಗಡಿ ಊರಿನ ಅರ್ಥಶಾಸ್ತ್ರ ಇಷ್ಟೇ.

ಇನ್ನು ಆ ರೈಲಿನ ವ್ಯಾಪಾರ? ಅಂದುಕೊಂಡಷ್ಟು ಆಗಲಿಲ್ಲ. ಅದೇ ಸದರ್ನ್ ಮರಾಠಾ ರೈಲ್ವೆಯ ಇನ್ನೊಂದು ಹಳಿ ಲೋಂಡಾದಿಂದ ಬೆಳಗಾವಿಯ ಮೇಲೆ ಪುಣೆಗೆ ಹೋಗಿ ಮುಂಬಯಿ ದಾರಿ ತೆರೆಯಿತು. ಹತ್ತಿಯ ಮೂಟೆ ಮರ್ಮಗೋವಾಕ್ಕೆ ಹೋಗಬೇಕೋ ಮುಂಬಯಿಗೋ ಅನ್ನೋ ಪೈಪೋಟಿಯಲ್ಲಿ ದೊಡ್ಡ ಪೇಟೆಯೇ ಗೆದ್ದಿತು. 1902ರಲ್ಲಿ ಗೋವಾದ ಹಳಿಯನ್ನು ನಡೆಸುವ ಕೆಲಸವೂ ಸದರ್ನ್ ಮರಾಠಾ ಕಂಪನಿಯ ಪಾಲಾಯಿತು. ಅಂದರೆ ರೈಲು ನಡೆಸುವವರು ಎರಡೂ ಕಡೆ ಒಬ್ಬರೇ, ಆದರೆ ರೈಲು ನಿಲ್ಲಿಸುವವರು ಮಾತ್ರ ಇಬ್ಬರು!

ಹಳಿ ಮುಚ್ಚಿದ ವರ್ಷಗಳು

1947ರಲ್ಲಿ ಇಂಗ್ಲಿಷರು ಹೋದರು. ಪೋರ್ಚುಗೀಸರು ಹೋಗಲಿಲ್ಲ. ಕ್ಯಾಸಲ್‌ರಾಕಿನ ಗಡಿ ಸ್ವತಂತ್ರ ಭಾರತಕ್ಕೂ ಪರಾಧೀನ ಗೋವಾಕ್ಕೂ ನಡುವಿನ ಗಡಿಯಾಯಿತು. 1955ರ ಆಗಸ್ಟ್ 15ರಂದು ದೇಶದ ನಾನಾ ಕಡೆಯಿಂದ ಬಂದ ಸತ್ಯಾಗ್ರಹಿಗಳು ಬರಿಗೈಯಲ್ಲಿ ಗೋವಾ ಗಡಿ ದಾಟಿದರು. ಪೋರ್ಚುಗೀಸರು ಗುಂಡು ಹಾರಿಸಿದರು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ಮೇಲೆ ಭಾರತ ಗಡಿಯನ್ನು ಮುಚ್ಚಿತು, ಗೋವಾಕ್ಕೆ ಹೋಗುವ ರೈಲು ನಿಂತಿತು. ಘಟ್ಟದ ಮೇಲಿನಿಂದ ಕೆಲವೇ ತಾಸಿನಲ್ಲಿ ಇಳಿಯುತ್ತಿದ್ದ ಸಾಮಾನು ಈಗ ಸಮುದ್ರ ಸುತ್ತಿ ಬರಬೇಕಾಯಿತು. ಗೋವೆಯ ಜನ ಹಾಲೆಂಡಿನ ಆಲೂಗಡ್ಡೆ, ಸಿಲೋನಿನ ಚಹಾ, ಜಪಾನಿನ ಸಿಮೆಂಟು ಕಂಡದ್ದು ಈ ಕಾಲದಲ್ಲೇ. ಕ್ಯಾಸಲ್‌ರಾಕಿಗೆ ಇದು ಇನ್ನೊಂದು ಪಾಠ. ಗಡಿ ಊರಿಗೆ ಗಡಿ ಇರಬೇಕು, ಆದರೆ ಅದು ಅರ್ಧ ತೆರೆದಿರಬೇಕು. ಪೂರ್ತಿ ಮುಚ್ಚಿದರೆ ಊರಿಗೇ ಬೀಗ ಬಿದ್ದ ಹಾಗೆ.

1961ರ ಡಿಸೆಂಬರ್ 18–19ರಂದು ಭಾರತದ ಸೈನ್ಯ ಗೋವಾವನ್ನು ಬಿಡಿಸಿತು. ಹಳಿ ಮತ್ತೆ ತೆರೆಯಿತು. ಎಲ್ಲರಿಗೂ ಸಂತೋಷದ ಸುದ್ದಿ. ಆದರೆ ಕ್ಯಾಸಲ್‌ರಾಕಿನಲ್ಲಿ ಇನ್ನು ಸುಂಕ ವಸೂಲಿ ಮಾಡುವುದು ಯಾರಿಂದ? ಗೆರೆಯೇ ಹೋಯಿತಲ್ಲ! ಸ್ವಾತಂತ್ರ್ಯ ಬಂದು ಒಂದು ಊರಿನ ಕಸುಬು ಹೋಯಿತು ಅಂದರೆ ಕೇಳುವುದಕ್ಕೆ ಚೆನ್ನಾಗಿರುವುದಿಲ್ಲ, ಆದರೂ ನಿಜ ನಿಜವೇ.

ಈಗ ಊರು ಯಾತರ ಮೇಲೆ ನಿಂತಿದೆ?

ಹಾಗಾದರೆ ಊರು ಯಾಕೆ ಅಳಿಯಲಿಲ್ಲ? ನನಗೆ ತಿಳಿದಮಟ್ಟಿಗೆ ಉತ್ತರ ಒಂದೇ: ಇಳಿಜಾರು. ಕ್ಯಾಸಲ್‌ರಾಕಿನಿಂದ ಕುಳೆಂವರೆಗಿನ ಹಳಿ ಅತಿ ಕಡಿದಾದ ಕಡೆ 37 ಅಡಿ ಮುಂದೆ ಹೋದರೆ 1 ಅಡಿ ಇಳಿಯುತ್ತದೆ. ನಮಗೆ ಇದು ದೊಡ್ಡದಲ್ಲ ಅನ್ನಿಸಬಹುದು, ಸಾವಿರಾರು ಟನ್ನು ತೂಕದ ಗೂಡ್ಸ್ ಗಾಡಿಗೆ ಇದು ಪ್ರಾಣಸಂಕಟ. ಹತ್ತುವ ಗಾಡಿಗೆ ಹಿಂದಿನಿಂದ ದೂಡುವುದಕ್ಕೆ ಹೆಚ್ಚಿನ ಇಂಜಿನ್ ಬೇಕು. ಇಳಿಯುವ ಗಾಡಿಯ ಬ್ರೇಕು ಪರೀಕ್ಷೆ ಆಗಬೇಕು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು, ಉಗಿಬಂಡಿ ಹೋಗಿ ಡೀಸೆಲ್ ಬಂತು, ಇಳಿಜಾರು ಮಾತ್ರ ಅದೇ. ಒಂದು ಕಾಲಕ್ಕೆ ಹತ್ತಿಗಾಗಿ ಹಾಕಿದ ಹಳಿಯ ಮೇಲೆ ಮುಂದೆ ಬಳ್ಳಾರಿ–ಹೊಸಪೇಟೆ ಕಡೆಯ ಕಬ್ಬಿಣದ ಅದಿರು ಇಳಿಯಿತು, ಬಂದರಿನಿಂದ ಕಲ್ಲಿದ್ದಲು ಹತ್ತಿ ಬಂತು.

ಮಳೆಗಾಲದಲ್ಲಿ ಈ ಹಳಿ ಕಾಯುವುದೇ ಒಂದು ಬದುಕು. 2021ರ ಜುಲೈನಲ್ಲಿ ದೂಧಸಾಗರದ ಹತ್ತಿರ ಗುಡ್ಡ ಕುಸಿದು ಪ್ರಯಾಣಿಕರ ರೈಲೊಂದು ಹಳಿ ತಪ್ಪಿತ್ತು. ಕೊಡೆ ಹಿಡಿದು, ಹಳಿಯ ಪಕ್ಕ ನಡೆದು, ಮಣ್ಣು ಜಾರಿದೆಯೇ ಅಂತ ನೋಡುವ ಗ್ಯಾಂಗ್‌ಮನ್‌ಗಳ ದೆಸೆಯಿಂದಲೇ ನಾವು ಬೆಚ್ಚಗೆ ಮಲಗಿ ಗೋವಾ ಮುಟ್ಟುವುದು.

ಸುತ್ತ ಕಾಡು, ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಆಚೆ ಗೋವಾದ ಅಭಯಾರಣ್ಯ. ಕಾಡಂಚಿನ ಹಳ್ಳಿಗಳಲ್ಲಿ ಕುಣಬಿಗಳು, ಗೌಳಿಗಳು. ಊರಲ್ಲಿ ಕನ್ನಡ, ಕೊಂಕಣಿ, ಮರಾಠಿ ಮೂರೂ ಕೇಳಿಸುತ್ತವೆ. ಹಳಿಯನ್ನು ಜೋಡಿ ಮಾಡಬೇಕು ಅನ್ನುವವರು ಒಂದು ಕಡೆ, ಕಾಡು ಕಡಿಯಬಾರದು ಅನ್ನುವವರು ಇನ್ನೊಂದು ಕಡೆ. ಘಟ್ಟದ ಜೋಡಿ ಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ಹುಲಿಯೂ ಬದುಕಬೇಕು, ಊರಿನ ಹುಡುಗರಿಗೂ ಕೆಲಸ ಬೇಕು. ಇದಕ್ಕೆ ಪರೀಕ್ಷೆಯ ಪುಸ್ತಕದಲ್ಲಿ ಸಿದ್ಧ ಉತ್ತರ ಇಲ್ಲ.

ಒಂದು ಮಾತಂತೂ ಈ ಊರು ನನಗೆ ಕಲಿಸಿದೆ. ಕಾನೂನು ಕೊಟ್ಟ ಅನ್ನ ಕಾನೂನಿನ ಜೊತೆಗೇ ಹೋಗುತ್ತದೆ. ನೆಲ ಕೊಟ್ಟದ್ದು ಉಳಿಯುತ್ತದೆ. ಹೀಗೆಯೇ ಕಾರವಾರದ ಹತ್ತಿರದ ಕಥೆಯನ್ನೂ ನೋಡಬಹುದು. ಆ ಊರಿಗೆ ರೈಲು ಬರಲಿಕ್ಕೆ 1990ರ ದಶಕದ ಕೊಂಕಣ ರೈಲ್ವೆಯವರೆಗೆ ಕಾಯಬೇಕಾಯಿತು. ಹುಬ್ಬಳ್ಳಿಯಿಂದ ನೇರ ಕರಾವಳಿಗೆ ಇಳಿಯುವ ಅಂಕೋಲಾ ಹಳಿ ಇಂದಿಗೂ ಆಗಿಲ್ಲ. ಒಂದು ಬಂದರಿಗೆ ಕೊಟ್ಟದ್ದು ಇನ್ನೊಂದು ಬಂದರಿನಿಂದ ಕಿತ್ತುಕೊಂಡದ್ದೇ.

ಕೊನೆಗೊಂದು ಕೋರಿಕೆ. ಸುಂಕದ ಕಾಲದ ಕ್ಯಾಸಲ್‌ರಾಕನ್ನು ಕಣ್ಣಾರೆ ಕಂಡವರು ಈಗ ಬೆರಳೆಣಿಕೆಯಷ್ಟೇ ಉಳಿದಿರಬೇಕು. 1955ರಲ್ಲಿ ಹತ್ತು ವರ್ಷದ ಹುಡುಗನಾಗಿದ್ದವರಿಗೆ ಈಗ ಎಂಬತ್ತರ ಆಚೀಚೆ. ಪೆಟ್ಟಿಗೆ ಹೊತ್ತವರು, ಟಿಕೇಟು ಹರಿದವರು, ಗಡಿ ಮುಚ್ಚಿದ್ದರಿಂದ ಆಚೆ ಕಡೆಯ ಅಕ್ಕನ ಮನೆಗೆ ಹೋಗಲಾರದೆ ಉಳಿದವರು, ಇವರ ಮಾತು ಯಾವ ಒಪ್ಪಂದದ ಕಾಗದದಲ್ಲೂ ಇಲ್ಲ. ನಮ್ಮ ಸಂಘದಲ್ಲಿ ಲೋಂಡಾ, ಜೋಯಿಡಾ, ಖಾನಾಪುರ ಕಡೆಯ ಗೆಳೆಯರು ಇದ್ದರೆ, ರಜೆಗೆ ಹೋದಾಗ ಮನೆಯ ಅಜ್ಜ ಅಜ್ಜಿಯರನ್ನು ಕೂಡ್ರಿಸಿಕೊಂಡು ಕೇಳಿ ಬರೆದುಕೊಂಡು ಬನ್ನಿ. ಕೊಂಕಣಿಯಲ್ಲಿ ಹೇಳಿದರೂ ಸರಿ, ಮರಾಠಿಯಲ್ಲಿ ಹೇಳಿದರೂ ಸರಿ. ಮುಂದಿನ ಸಂಚಿಕೆಗೆ ಕನ್ನಡದಲ್ಲಿ ಬರೆಯೋಣ.