ವಿಂಡ್‌ಸರ್ಫಿಂಗ್: ಉದ್ದ ಸರಿಯಿದ್ದರೆ ಯಾವ ಕಂಬವಾದರೂ ನಡೆಯುತ್ತದೆಯೇ?

ಹಲಗೆಯ ಮೇಲೆ ನಿಂತು, ಹಾಯಿ ಹಿಡಿದು, ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟವೇ ವಿಂಡ್‌ಸರ್ಫಿಂಗ್. 1984ರಿಂದ ಇದು ಒಲಿಂಪಿಕ್ಸ್‌ನಲ್ಲೂ ಇದೆ. ಹಾಯಿಗೆ ಉದ್ದ ಸರಿಹೊಂದುವ ಕಂಬ (ಮಾಸ್ಟ್) ಸಿಕ್ಕರೆ ಸಾಕು, ಕಾರ್ಬನ್ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಹೊಸಬರು ನಂಬುವುದುಂಟು. ಇದು ನಿಜವೇ? ನೋಡೋಣ.

ಕಂಬ ಬಾಗುವುದೇಕೆ?

ಹಾಯಿಯ ಮುಂದಿನ ಅಂಚು ನೇರವಾಗಿರುವುದಿಲ್ಲ. ಅದನ್ನು ಬಿಲ್ಲಿನಂತೆ ಬಾಗಿಸಿ ಕತ್ತರಿಸಿರುತ್ತಾರೆ. ಆ ಅಂಚಿನ ತೋಳಿನೊಳಗೆ ಕಂಬ ತೂರಿಸಿ, ಬುಡದ ಹಗ್ಗವನ್ನು ಬಲವಾಗಿ ಎಳೆದಾಗ ಕಂಬ ಬಾಗುತ್ತದೆ. ಆಗ ಹಾಯಿಗೆ ಹೊಟ್ಟೆ ಬರುತ್ತದೆ, ಮೇಲ್ಭಾಗದ ಹಿಂದಿನ ಅಂಚು ತುಸು ಸಡಿಲವಾಗುತ್ತದೆ. ಗಾಳಿ ಜೋರಾಗಿ ಬೀಸಿದಾಗ ಈ ಸಡಿಲ ಭಾಗ ತಿರುಚಿಕೊಂಡು ಹೆಚ್ಚಿನ ಗಾಳಿಯನ್ನು ಹೊರಗೆ ಬಿಡುತ್ತದೆ. ಹಾಗಾಗಿ ಕಂಬದ ಬಾಗು ಹಾಯಿಯ ಕತ್ತರಿಕೆಗೆ ಹೊಂದಲೇಬೇಕು.

ಬಾಗನ್ನು ಅಳೆಯುವುದು ಹೇಗೆ?

ಕಂಬದ ಎರಡೂ ತುದಿಗಳಿಗೆ ಆಧಾರ ಕೊಟ್ಟು, ನಡುವೆ 30 ಕೆ.ಜಿ. ತೂಕ ತೂಗುಹಾಕುತ್ತಾರೆ. 460 ಸೆಂ.ಮೀ. ಉದ್ದದ ಕಂಬ ನಡುವೆ 18.4 ಸೆಂ.ಮೀ. ಬಾಗಿತು ಎನ್ನೋಣ. 460 ಅನ್ನು 18.4ರಿಂದ ಭಾಗಿಸಿದರೆ 25. ಇದೇ ಕಂಬದ ಮೇಲೆ ಕಾಣುವ ಐಎಂಸಿಎಸ್ ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ಕಂಬ ಗಟ್ಟಿ.

ಆದರೆ ಕಂಬ ಎಲ್ಲಿ ಹೆಚ್ಚು ಬಾಗುತ್ತದೆ ಎಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ. ಅದಕ್ಕಾಗಿ ಬುಡದಿಂದ ಕಾಲು ಭಾಗದಲ್ಲೂ ಮುಕ್ಕಾಲು ಭಾಗದಲ್ಲೂ ಬಾಗನ್ನು ಅಳೆಯುತ್ತಾರೆ. ನಡುವಿನ ಬಾಗಿಗೆ ಹೋಲಿಸಿದರೆ ಕೆಳಗೆ ಶೇ. 64, ಮೇಲೆ ಶೇ. 76 ಎಂದಿದ್ದರೆ ವ್ಯತ್ಯಾಸ 12. ಇದು ಸಮಬಾಗಿನ ಕಂಬ. ವ್ಯತ್ಯಾಸ ಇದಕ್ಕಿಂತ ಸಾಕಷ್ಟು ಕಡಿಮೆಯಿದ್ದರೆ ತುದಿ ಗಟ್ಟಿ, ಸಾಕಷ್ಟು ಹೆಚ್ಚಿದ್ದರೆ ತುದಿ ಮೆದು. ಅಂದರೆ ಉದ್ದವೂ ಐಎಂಸಿಎಸ್ ಸಂಖ್ಯೆಯೂ ಒಂದೇ ಇರುವ ಎರಡು ಕಂಬಗಳು ಬೇರೆ ಬೇರೆ ರೀತಿ ಬಾಗಬಹುದು.

ಹೊಂದದಿದ್ದರೆ ಏನಾಗುತ್ತದೆ?

ಹಾಯಿಗೆ ಬೇಕಾದುದಕ್ಕಿಂತ ಕಂಬದ ತುದಿ ಗಟ್ಟಿಯಿದ್ದರೆ ಮೇಲಿನ ಅಂಚು ಬಿಗಿಯಾಗಿಯೇ ಉಳಿಯುತ್ತದೆ. ಬಿರುಗಾಳಿಗೆ ದಾರಿ ಸಿಗದೆ, ಅದರ ಹೊಡೆತವೆಲ್ಲ ಸವಾರನ ತೋಳಿಗೆ ಬೀಳುತ್ತದೆ. ತುದಿ ತೀರಾ ಮೆದುವಾದರೆ ಮೇಲ್ಭಾಗ ಬೇಗ ಸಡಿಲವಾಗಿ ಶಕ್ತಿ ಪೋಲಾಗುತ್ತದೆ, ಕೆಳಗೆ ಹೊಟ್ಟೆ ಹಾಗೆಯೇ ಉಳಿಯುತ್ತದೆ. ದಡದಲ್ಲಿ ಇದು ಬರೀ ಕಿರಿಕಿರಿ. ದಡದಿಂದ ದೂರವಿದ್ದು ಗಾಳಿ ಏರಿದರೆ ಕೈಸೋತು ಹಿಂದಿರುಗಲಾಗದ ಅಪಾಯವೂ ಇದೆ.

ಕಾರ್ಬನ್ ಹೆಚ್ಚಿದ್ದರೆ?

ಕಂಬ ಹಗುರವಾಗುತ್ತದೆ, ಬಾಗಿದ ಮೇಲೆ ಬೇಗ ಮೊದಲಿನ ಆಕಾರಕ್ಕೆ ಮರಳುತ್ತದೆ. ಆದರೆ ಬಾಗು ಹೊಂದದಿದ್ದರೆ ಕಾರ್ಬನ್ ಅದನ್ನು ಸರಿಪಡಿಸುವುದಿಲ್ಲ. ಹೊಂದುವ ಸಾಧಾರಣ ಕಂಬವೇ ಹೊಂದದ ದುಬಾರಿ ಕಂಬಕ್ಕಿಂತ ಮೇಲು.

ಕೊಳ್ಳುವ ಮುನ್ನ

ಹಾಯಿಯ ಮೇಲೆ ಅಚ್ಚಾಗಿರುವ ಕಂಬದ ಉದ್ದ ಮತ್ತು ಐಎಂಸಿಎಸ್ ನೋಡಿ. ಯಾವ ಬಗೆಯ ಬಾಗು ಬೇಕೆಂದು ತಯಾರಕರಿಂದ ತಿಳಿದುಕೊಳ್ಳಿ. ಹಳೆಯದು ಕೊಳ್ಳುವಾಗ ಒಂದು ಕಂಬದ ಮೇಲರ್ಧವನ್ನು ಇನ್ನೊಂದರ ಕೆಳಗರ್ಧಕ್ಕೆ ಸೇರಿಸಿದ್ದಾರೆಯೇ ಎಂದು ಗಮನಿಸಿ. ಹಾಗೆ ಸೇರಿಸಿದರೆ ಬಾಗು ಬದಲಾಗುತ್ತದೆ, ಜೋಡಣೆಯಲ್ಲಿ ಮುರಿಯಲೂಬಹುದು. ಸಾಧ್ಯವಾದರೆ ಹಾಯಿಗೆ ಕಂಬ ಹಾಕಿ, ಹಗ್ಗ ಎಳೆದು ನೋಡಿಯೇ ಹಣ ಕೊಡಿ.