ಉಯಿಲಿಗೆ ಸಾಕ್ಷಿ ಹಾಕುವ ಮುನ್ನ

ನಾಗಪುರದ ಹಳೆಯ ಪೇಟೆ ಮಹಾಲ್. ಗಾಂಧಿ ಗೇಟ್ ದಾಟಿ ಒಳಗೆ ಹೋದರೆ ಭೋಂಸಲೆ ಅರಸರ ಕಾಲದ ನೆನಪುಗಳು ಇನ್ನೂ ಇವೆ. 1853ರಲ್ಲಿ ಮೂರನೇ ರಘೂಜಿ ಗಂಡುಮಕ್ಕಳಿಲ್ಲದೆ ತೀರಿಕೊಂಡಾಗ, ವಾರಸುದಾರರಿಲ್ಲ ಎಂದು ಡಾಲ್‌ಹೌಸಿ ಮರುವರ್ಷ ರಾಜ್ಯವನ್ನೇ ಕಂಪನಿಗೆ ಸೇರಿಸಿಕೊಂಡ. ರಾಜ್ಯ ಹೋದರೂ 'ಹಿರಿಯರ ಆಸ್ತಿ ಯಾರಿಗೆ?' ಎಂಬ ಪ್ರಶ್ನೆ ಹೋಗಿಲ್ಲ. ನಾವು ಊರಲ್ಲಿ ಬಿಟ್ಟುಬಂದ ಮನೆಗಳಲ್ಲೂ ಅದೇ ಪ್ರಶ್ನೆ.

ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಪ್ಪನೋ ಪಕ್ಕದ ಮನೆಯವರೋ "ಇಲ್ಲೊಂದು ಸಾಕ್ಷಿ ಸಹಿ ಹಾಕಪ್ಪ" ಎನ್ನುತ್ತಾರೆ. ದಾಕ್ಷಿಣ್ಯಕ್ಕೆ ಹಾಕಿಬಿಡುತ್ತೇವೆ. ಅಪಾಯ ಇರುವುದು ಇಲ್ಲೇ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನ ಪ್ರಕಾರ ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು (ಮುಸ್ಲಿಮರ ನಿಯಮ ಬೇರೆ). ಬರೆಸಿದವರು ಸಹಿ ಹಾಕಿದ್ದನ್ನು ಸಾಕ್ಷಿ ಕಣ್ಣಾರೆ ಕಂಡಿರಬೇಕು, ಇಲ್ಲವೇ 'ಇದು ನನ್ನದೇ ಸಹಿ' ಎಂದು ಅವರ ಬಾಯಿಂದಲೇ ಕೇಳಿರಬೇಕು. ಒಳಗೇನು ಬರೆದಿದೆ ಎಂದು ಓದಬೇಕಿಲ್ಲ. ಆದರೆ ಉಯಿಲು ಕೋರ್ಟಿಗೆ ಹೋದರೆ, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಕಟಕಟೆಯಲ್ಲಿ ನಿಂತು ಹೇಳಬೇಕು. ಅಷ್ಟು ಹೊತ್ತಿಗೆ ಬರೆಸಿದವರು ಇರುವುದಿಲ್ಲ.

ಮೈಸೂರಿನಿಂದ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ – ತಿಮ್ಮಜಮ್ಮ ಪ್ರಕರಣದ 1958ರ ತೀರ್ಪನ್ನು ವಕೀಲರು ಇಂದಿಗೂ ಉದ್ಧರಿಸುತ್ತಾರೆ. ಉಯಿಲಿನ ಸುತ್ತ ಅನುಮಾನಗಳಿದ್ದರೆ ಅವನ್ನು ನಿವಾರಿಸುವ ಹೊಣೆ ಉಯಿಲು ಮುಂದಿಟ್ಟವರದೇ ಎಂದಿತು ಅದು. ಅವರಿಗೆ ಆಧಾರವಾಗಬೇಕಾದವರು ಸಾಕ್ಷಿಗಳು. ಹಾಗಾಗಿ ಪಾಟೀಸವಾಲಿನ ಬಿಸಿ ತಟ್ಟುವುದೂ ಅವರಿಗೇ.

ಕಾಣದ್ದನ್ನು ಕಂಡೆ ಎಂದು ಪ್ರಮಾಣ ಮಾಡಿ ಹೇಳಿದರೆ ಅದು ಸುಳ್ಳು ಸಾಕ್ಷ್ಯ. ಹಳೆಯ ದಂಡ ಸಂಹಿತೆಯ 193ನೇ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 229 ಆಗಿದೆ. ಶಿಕ್ಷೆ ಏಳು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಆದರೆ ಎದುರಾಳಿ ನೇರವಾಗಿ ಈ ಕೇಸು ಹಾಕುವಂತಿಲ್ಲ. ಅವರು ಅರ್ಜಿ ಕೊಡಬಹುದು, ದೂರು ಕೊಡಬೇಕಾದ್ದು ನ್ಯಾಯಾಲಯವೇ. ಹೇಳಿಕೆಯಲ್ಲಿ ಸಣ್ಣ ವ್ಯತ್ಯಾಸ ಬಂದ ಮಾತ್ರಕ್ಕೆ ಸಾಲದು. ಬೇಕೆಂದೇ ಸುಳ್ಳು ಹೇಳಿರಬೇಕು, ಶಿಕ್ಷೆಯಾಗುವ ಸಂಭವವೂ ಇರಬೇಕು ಎಂದು 1971ರ ಛಾಜೂ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಉಯಿಲೇ ನಕಲಿಯಾಗಿದ್ದರೆ? ದೆಹಲಿಯ ಕುಟುಂಬವೊಂದರಲ್ಲಿ ತಂದೆಯ ಉಯಿಲು ನಕಲಿ ಎಂದು ವಾರಸುದಾರರಲ್ಲೇ ಕೆಲವರು ದೂರಿದರು. ಉಯಿಲಿನ ಕೇಸು ನಡೆಯುತ್ತಿದ್ದ ಕೋರ್ಟಿಗೆ ಕೊಟ್ಟ ಅರ್ಜಿ ವರ್ಷಗಟ್ಟಲೆ ಇತ್ಯರ್ಥವಾಗಲಿಲ್ಲ. ಕೊನೆಗೆ ಅವರು ಮ್ಯಾಜಿಸ್ಟ್ರೇಟರ ಬಳಿ ಹೋದರು. ಇದೇ ಇಕ್ಬಾಲ್ ಸಿಂಗ್ ಮಾರ್ವಾ ಪ್ರಕರಣ. 2005ರ ಮಾರ್ಚ್ 11ರಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ದಾಖಲೆ ಕೋರ್ಟಿನ ವಶಕ್ಕೆ ಬಂದಮೇಲೆ ತಿದ್ದಿದ್ದರೆ ಮಾತ್ರ ಕೋರ್ಟೇ ದೂರು ಕೊಡಬೇಕು. ಹೊರಗೇ ನಕಲಿ ಮಾಡಿ ತಂದಿದ್ದರೆ ನೊಂದವರೇ ದೂರಬಹುದು. ನಕಲಿ ಉಯಿಲು ಸೃಷ್ಟಿಸಿದವರಿಗೆ ಜೀವಾವಧಿಯವರೆಗೂ ಶಿಕ್ಷೆಯಾಗಬಹುದು.

ಸಾಕ್ಷಿ ಹಾಕಲೇಬಾರದು ಎಂದಲ್ಲ. ಹಿರಿಯರ ಕೊನೆಯ ಇಚ್ಛೆ ನಡೆಯಲು ಪ್ರಾಮಾಣಿಕ ಸಾಕ್ಷಿಗಳು ಬೇಕೇ ಬೇಕು. ಅವರು ನಿಮ್ಮೆದುರೇ ಸಹಿ ಹಾಕಲಿ, ಆಮೇಲೆ ನೀವು ಅವರೆದುರೇ ಹಾಕಿ. ಎರಡು ಮಾತಾಡಿಸಿ, ಬುದ್ಧಿ ಸ್ತಿಮಿತದಲ್ಲಿದ್ದಾರೆಯೇ ನೋಡಿ. ದಿನಾಂಕ, ಜಾಗ, ಯಾರ್‍ಯಾರಿದ್ದರು ಎಂದು ಬರೆದಿಟ್ಟುಕೊಳ್ಳಿ. ಉಯಿಲಿನಲ್ಲಿ ನಿಮಗೂ ಪಾಲಿದ್ದರೆ ಬೇರೆಯವರಿಂದ ಸಹಿ ಹಾಕಿಸಿ. ಆಗಲೇ ಸಹಿಯಾದ ಕಾಗದವನ್ನು ಮನೆಗೆ ತಂದು "ನೀನೂ ಹಾಕು" ಎಂದರೆ, ಬರೆಸಿದವರನ್ನೇ ಕಂಡು ಕೇಳುವವರೆಗೆ ಪೆನ್ನು ಮುಟ್ಟಬೇಡಿ. ಬೇಸರ ಮಾಡಿಕೊಂಡರೂ ಚಿಂತೆಯಿಲ್ಲ.